ತೆವ್ಕಾ ಹಿಟ್ಟಿಗೆ ಹೇಳದೆ ಬಿಟ್ಟ ಹೆಸರು

ಗ್ರಾವ್ನಾದ ಊರೊಲೆಗೆ, ಊರಿಗೆಲ್ಲ ರೊಟ್ಟಿ ಬೇಯಿಸುವ ಒಲೆಗೆ, ತೆವ್ಕಾಳನ್ನು ಯಾರೂ ಕೆಲಸಕ್ಕೆಂದು ಕರೆದದ್ದಲ್ಲ. ಹುಡುಗಿಯಾಗಿದ್ದಾಗ ಮನೆಗೆ ಕೆಂಡ ಒಯ್ಯಲು ಬಂದಳು, ಒಲೆಯ ಮುಂದೆ ಬೆಚ್ಚಗಿದೆಯಲ್ಲ ಎಂದು ಕೂತಳು, ಸುಮ್ಮನೆ ಕೂತವಳ ಕೈಗೆ ಯಾರೋ ಒಂದಿಷ್ಟು ಹಿಟ್ಟು ತುರುಕಿದರು. ಆಮೇಲೆ ಅವಳು ಮನೆಗೆ ಹೋದದ್ದೆಲ್ಲ ಮಲಗುವುದಕ್ಕೆ ಮಾತ್ರ. ಮದುವೆಯಾದಳು, ಒಬ್ಬ ಮಗಳನ್ನು ಹೆತ್ತಳು, ಗಂಡನನ್ನು ಮಣ್ಣು ಮಾಡಿದಳು. ಅಷ್ಟೆಲ್ಲ ಆದರೂ ನಸುಕಾದರೆ ಸಾಕು, ನಾದುವ ಮರಿಗೆಯ ಮುಂದೆ ತೋಳು ಮೇಲೇರಿಸಿಕೊಂಡು ನಿಂತಿರುತ್ತಿದ್ದಳು. ಕುಳ್ಳಗಿನ ಹೆಂಗಸು, ಗಟ್ಟಿ ಗಂಟಲು, ತಾನು ಹೇಳಿದ ಜೋಕಿಗೆ ತಾನೇ ಮೊದಲು ನಗುವವಳು. ಅವಳ ರೊಟ್ಟಿ ಊರಿಗೇ ಹೆಸರಾಗಿತ್ತು ಎಂದರೆ ಸುಳ್ಳಾಗುತ್ತದೆ. ತಳ ಸೀದಿರುತ್ತಿತ್ತು. ಮಾತಿನ ಭರದಲ್ಲಿ ಒಲೆ ಮರೆತುಬಿಡುತ್ತಿದ್ದಳು. ಹಾಗಂತ ಯಾರೂ ಬೇರೆ ಕಡೆ ಹೋಗುತ್ತಿರಲಿಲ್ಲ, ಏಕೆಂದರೆ ಬೇರೆ ಒಲೆ ಇರಲಿಲ್ಲ, ಮತ್ತೆ ಅಷ್ಟು ಹರಟೆ ಇನ್ನೆಲ್ಲೂ ಸಿಗುತ್ತಿರಲಿಲ್ಲ.

ನಮ್ಮ ನಾಡಿನಲ್ಲಿ ಹಿಟ್ಟಿಗೆ ಕಿವಿ ಇದೆ. ಹುಳಿ ಬಂದ ಹಿಟ್ಟನ್ನು ಯಾರೂ ಪೂರ್ತಿ ಬೇಯಿಸಿ ಮುಗಿಸುವುದಿಲ್ಲ. ಒಂದು ಉಂಡೆ ಎತ್ತಿಟ್ಟು, ಮರುದಿನ ನಸುಕಿನಲ್ಲಿ ಅದಕ್ಕೆ ಹೊಸ ಹಿಟ್ಟು, ಬೆಚ್ಚನೆ ನೀರು ಉಣಿಸುತ್ತಾರೆ. ಅದು ತಾಯಿಹಿಟ್ಟು. ಉಣಿಸುವಾಗ ಅದನ್ನು ತಿನ್ನುವವರ ಹೆಸರನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಹೆಸರಿನವರು ಎಷ್ಟು ದೂರದಲ್ಲಿದ್ದರೂ, ಅವರ ಹತ್ತಿರ ಆ ಹಿಟ್ಟಿನ ಒಂದು ತುಣುಕು ಇದ್ದರೆ, ಇಲ್ಲಿ ಹೇಳಿದ ಗಳಿಗೆಗೆ ಅಲ್ಲಿ ಅದು ಉಬ್ಬುತ್ತದೆ. ಬೇಸಿಗೆಗೆ ಕುರಿ ಹೊಡೆದುಕೊಂಡು ಬೆಟ್ಟ ಹತ್ತಿದ ಗಂಡಸಿಗೆ ಹೆಂಡತಿ ಎದ್ದಳೆಂದು ತಿಳಿಯುವುದು ಚೀಲದೊಳಗಿನ ಹಿಟ್ಟು ಬೆನ್ನಿಗೆ ಒತ್ತಿದಾಗ.

ಹೆಸರು ಬಿಡುವುದು ಆ ಮನುಷ್ಯ ಸತ್ತಾಗ ಮಾತ್ರ. ಸತ್ತವರ ಹೆಸರನ್ನು ತಪ್ಪಿ ಹೇಳಿದರೆ ಮರಿಗೆಯ ಹಿಟ್ಟೆಲ್ಲ ಕೊಳೆಯುತ್ತದೆ. ಬದುಕಿದ್ದವರ ಹೆಸರು ಬಿಟ್ಟರೆ ಅವರ ಹಿಟ್ಟು ಬೂದಿಬಣ್ಣಕ್ಕೆ ತಿರುಗಿ ನೀರೊಡೆಯುತ್ತದೆ. ಅಂಥದ್ದನ್ನು ಎಷ್ಟೇ ದ್ವೇಷ ಇದ್ದರೂ ಯಾರೂ ಮಾಡುತ್ತಿರಲಿಲ್ಲ. ತೆವ್ಕಾಳ ಅತ್ತೆ ಸೊಸೆಯ ಜೊತೆ ವರ್ಷಗಟ್ಟಲೆ ಮಾತು ಬಿಟ್ಟಿದ್ದಳು, ಆದರೂ ಬೆಳಿಗ್ಗೆ ಬೆಳಿಗ್ಗೆ ಹಲ್ಲು ಕಚ್ಚಿಕೊಂಡು ಅವಳ ಹೆಸರು ಹೇಳಿಯೇ ಹೇಳುತ್ತಿದ್ದಳು. ಆ ಮನೆಯಲ್ಲಿ ತನಗೆ ಸಿಕ್ಕಿದ ಮರ್ಯಾದೆ ಅಷ್ಟೇ ಎಂದು ತೆವ್ಕಾ ಆಮೇಲೆ ಹೇಳಿಕೊಂಡು ನಗುತ್ತಿದ್ದಳು.

ಮಗಳು ಯೆಲಿಶಾಳನ್ನು ವೆಲ್ನಾ ಹೊಳೆಯ ಆಚೆದಡಕ್ಕೆ, ಸೊಲೀಚಿಗೆ ಕೊಟ್ಟದ್ದು. ದೂರವೇನಲ್ಲ. ಗಾಳಿ ಇಲ್ಲದ ದಿನ ಈ ದಡದಲ್ಲಿ ನಿಂತು ಕೂಗಿದರೆ ಆ ದಡದ ನಾಯಿ ಬೊಗಳುತ್ತಿತ್ತು. ಯಾರ ಮನೆಯ ಹಗ್ಗದ ಮೇಲೆ ಯಾರ ಅಂಗಿ ಒಣಗುತ್ತಿದೆ ಎಂಬುದು ಇಲ್ಲಿಂದಲೇ ಕಾಣುತ್ತಿತ್ತು. ಮದುವೆಯ ದಿನ ತೆವ್ಕಾ ತನ್ನ ತಾಯಿಹಿಟ್ಟಿನ ಒಂದು ಉಂಡೆಯನ್ನು ಬಟ್ಟೆಯಲ್ಲಿ ಸುತ್ತಿ, ತಣ್ಣಗಾಗದಂತೆ ಮಗಳ ರವಿಕೆಯೊಳಗೆ ಇಟ್ಟು ದೋಣಿ ಹತ್ತಿಸಿದಳು. ಅಳಿಯ ದೋಬ್ರೆನ್ ಬಲೆ ಹೆಣೆಯುವವನು, ಮಾತು ಕಡಿಮೆ. ಯೆಲಿಶಾ ಅಲ್ಲಿ ಹೋಗಿ ಅವರ ಊರೊಲೆ ಸೇರಿಕೊಂಡಳು, ಅವಳ ಹಿಟ್ಟೇ ಸೊಲೀಚಿನ ಊರಹಿಟ್ಟಾಯಿತು. ಹೀಗಾಗಿ ತಾಯಿ ನಸುಕಿನಲ್ಲಿ ಮಗಳ ಹೆಸರು ಹೇಳಿದಾಗ ಅಲ್ಲಿಯ ಹಿಟ್ಟು ಉಬ್ಬುವುದು, ಮಗಳು ಹೊತ್ತೇರಿದ ಮೇಲೆ ಎದ್ದು ಅಮ್ಮನ ಹೆಸರು ಹೇಳಿದಾಗ ಇಲ್ಲಿಯ ಹಿಟ್ಟು ಇನ್ನೊಂದು ಸಲ ಉಬ್ಬುವುದು. ಮಧ್ಯಾಹ್ನದ ಹೊತ್ತಿಗೆ ಮರಿಗೆಯ ಬಟ್ಟೆ ಮೇಲೆದ್ದರೆ ತೆವ್ಕಾ, ನಮ್ಮ ಮಹಾರಾಣಿಗೆ ಈಗ ಬೆಳಗಾಯ್ತು ನೋಡಿ ಎಂದು ಒಲೆಗೆ ಬಂದವರಿಗೆಲ್ಲ ತೋರಿಸುತ್ತಿದ್ದಳು.

ಯುದ್ಧ ಯಾಕೆ ಬಂತು ಎಂದು ಕೇಳಿದರೆ ನಮ್ಮ ದೊರೆ ಒಂದು ಹೇಳುತ್ತಾನೆ, ಆಚೆದಡದವರ ದೊರೆ ಇನ್ನೊಂದು ಹೇಳುತ್ತಾನೆ. ಹೊಳೆಯಲ್ಲಿ ದೋಣಿ ನಿಂತಿತು, ನಮಗೆ ಗೊತ್ತಾದದ್ದು ಅಷ್ಟೇ. ಆಮೇಲೆ ದೊರೆಯ ಮಂತ್ರವಾದಿಗಳು ಒಂದು ವಿದ್ಯೆ ಕಂಡುಹಿಡಿದರು: ತಾಯಿಹಿಟ್ಟನ್ನು ಗಾರೆಗೆ ಕಲಸಿ ಮಂತ್ರ ಹಾಕಿದರೆ ಕಲ್ಲು ಬೆಳೆಯುತ್ತದೆ. ಹೊಳೆಯ ದಡದಲ್ಲಿ ಸಂಜೆ ಮೊಣಕಾಲಷ್ಟು ಕಟ್ಟಿದ ಗೋಡೆ ಬೆಳಗಾಗುವಾಗ ಎದೆಯಷ್ಟಿತ್ತು. ಊರಿಗೆ ಊರೇ ನೋಡಲು ಹೋಯಿತು. ಮಕ್ಕಳು ಗೋಡೆಯ ಮೇಲೆ ಕೂತು, ತಾವಾಗಿಯೇ ಮೇಲೇರುವುದಕ್ಕೆ ಕಾದರು. ತೆವ್ಕಾ ಗೋಡೆಯನ್ನು ತಟ್ಟಿ ನೋಡಿ, ಒಳಗೆ ಇನ್ನೂ ಹಸಿ ಇದೆ, ಒಲೆಗೆ ಹಾಕಿ ಎಂದಳು. ಎಲ್ಲರೂ ನಕ್ಕರು. ನಗು ನಿಲ್ಲುವ ಮೊದಲೇ ಆಚೆದಡದಲ್ಲೂ ಒಂದು ಗೋಡೆ ಎದ್ದಿತ್ತು.

ರಾಜಧಾನಿಯಿಂದ ಹೆರ್ವಾನ್ ಎಂಬ ಅಧಿಕಾರಿ ಬಂದ. ಮೀಸೆ ಸರಿಯಾಗಿ ಬಂದಿರದ ಹುಡುಗ, ಸಭ್ಯ, ಬಾಗಿಲಲ್ಲಿ ಬೂಟು ಒರೆಸಿಕೊಂಡು ಒಳಗೆ ಬರುವವನು. ಊರೊಲೆಯ ಹಿಟ್ಟೇ ಗಾರೆಗೆ ಚೆನ್ನಾಗಿ ಹಿಡಿಯುತ್ತದೆ, ಇನ್ನು ಮುಂದೆ ಅದು ದೊರೆಯ ಕೆಲಸಕ್ಕೆ ಎಂದ. ಮರಿಗೆಯ ಜಾಗದಲ್ಲಿ ದೊಡ್ಡ ದೊಡ್ಡ ಕೊಪ್ಪರಿಗೆಗಳು ಬಂದವು. ಉಣಿಸುವುದು ಮಾತ್ರ ತೆವ್ಕಾಳೇ, ಏಕೆಂದರೆ ಹಿಟ್ಟು ಅವಳದು. ಪಕ್ಕದಲ್ಲಿ ಹಿಟ್ಟು ಸುರಿಯಲು ಮಿರ್ತಾ ಇದ್ದಳು, ಅವಳ ಬಾಲ್ಯದ ಗೆಳತಿ, ಅವಳಷ್ಟೇ ಬಾಯಿ ಇರುವವಳು. ಮಿರ್ತಾಳ ಮಗ ಯಾನುಶ್‌ನನ್ನು ಗೋಡೆ ಕಾಯಲು ಹಾಕಿದರು. ನಮ್ಮ ಗೋಡೆ ಒಂದು ಮೊಳ ಎದ್ದರೆ ಅವರದೂ ಒಂದು ಮೊಳ ಏಳುತ್ತಿತ್ತು. ಅವರದು ಎದ್ದಿತೆಂದು ನಮ್ಮವರು ಇನ್ನೊಂದು ಕೊಪ್ಪರಿಗೆ ತರಿಸುತ್ತಿದ್ದರು.

ಬರುಬರುತ್ತಾ ಊರಿಗೆ ಬಿಸಿಲೇ ಬೀಳದಾಯಿತು. ಒದ್ದೆ ಬಟ್ಟೆ ಹಗ್ಗದ ಮೇಲೇ ಮುಗ್ಗಲು ಹಿಡಿಯಿತು. ಹಿತ್ತಲಿನ ಕೋಸು ಗಡ್ಡೆ ಕಟ್ಟದೆ ಬರೀ ಎಲೆಯಾಯಿತು. ಆಚೆದಡದ ಒಂದು ಹೊಗೆಕೊಳವೆ ಕೂಡ ಕಾಣುತ್ತಿರಲಿಲ್ಲ. ತೆವ್ಕಾಳಿಗೆ ಉಳಿದದ್ದು ಮಧ್ಯಾಹ್ನದ ಉಬ್ಬು ಒಂದೇ. ಕೊಪ್ಪರಿಗೆಯ ಬಟ್ಟೆ ಮೇಲೆದ್ದರೆ ಮಗಳು ಇದ್ದಾಳೆ, ಎದ್ದಿದ್ದಾಳೆ, ಅಮ್ಮ ಎಂದಿದ್ದಾಳೆ. ಈಗ ಅದನ್ನು ಅವಳು ಯಾರಿಗೂ ತೋರಿಸುತ್ತಿರಲಿಲ್ಲ. ಕೈ ಒರೆಸಿಕೊಳ್ಳುವ ನೆಪದಲ್ಲಿ ಪಕ್ಕಕ್ಕೆ ಹೋಗಿ ನಿಂತು ನೋಡುತ್ತಿದ್ದಳು.

ಗೋಡೆ ಸಾಲದೆಂದು ಉಬ್ಬುಗುಂಡು ಬಂತು. ಒಣಗಿಸಿ ಮಂತ್ರ ಹಾಕಿದ ಹಿಟ್ಟಿನ ಉಂಡೆ, ತಲೆಗಿಂತ ದೊಡ್ಡದೇನಲ್ಲ. ಕವಣೆಮರದಲ್ಲಿ ಎಸೆದರೆ ಗೋಡೆ ದಾಟಿ ಹೋಗಿ ಬೀಳುತ್ತದೆ, ಬಿದ್ದಲ್ಲಿ ಉಬ್ಬುತ್ತದೆ, ಕೋಣೆ ತುಂಬುವವರೆಗೆ ನಿಲ್ಲುವುದಿಲ್ಲ. ನಮ್ಮವರು ಎಸೆದ ವಾರಕ್ಕೇ ಅವರೂ ಎಸೆದರು. ಚಮ್ಮಾರ ಓಲ್ಫರ್, ಮನೆಯೊಳಗೆ ಉಬ್ಬಿದ ಹಿಟ್ಟು ಸೂರಿಗೆ ಒತ್ತಿಹಿಡಿದು, ಸತ್ತ. ಹೆಂಚು ತೆಗೆದು ಅವನನ್ನು ಎತ್ತುವಾಗ ಇಡೀ ಬೀದಿಯಲ್ಲಿ ಹೊಸ ರೊಟ್ಟಿಯ ವಾಸನೆ ಹರಡಿತ್ತು. ಅವತ್ತು ಒಲೆಯ ಹತ್ತಿರ ಯಾರೂ ರೊಟ್ಟಿ ಕೊಳ್ಳಲು ಬರಲಿಲ್ಲ.

ಹೆರ್ವಾನನಿಗೆ ಒಂದು ವಿಷಯ ಅರ್ಥವಾಗುತ್ತಿರಲಿಲ್ಲ. ನಮ್ಮ ಹಿಟ್ಟು ಚೆನ್ನಾಗಿ ಬಂದ ದಿನ ಅವರ ಗುಂಡೂ ಜೋರು. ಮಳೆ ಹಿಡಿದು ನಮ್ಮದು ಸೊರಗಿದರೆ ಅವರದೂ ಸೊರಗುತ್ತಿತ್ತು. ಊರಿನಲ್ಲಿ ಬೇಹಿನವರು ಇದ್ದಾರೆಂದು ಅನುಮಾನಪಟ್ಟು ಮೀನುಗಾರರನ್ನು ಹಿಡಿಸಿ ಕೂಡಿಹಾಕಿದ. ಏನೂ ಬದಲಾಗಲಿಲ್ಲ. ಒಂದು ಬೆಳಿಗ್ಗೆ ಒಲೆಯ ಹತ್ತಿರ ಎಲೆಕೋಸಿನ ಸಾರಿಗೆ ರೊಟ್ಟಿ ಅದ್ದಿಕೊಂಡು ತಿನ್ನುತ್ತಾ ಅದನ್ನೇ ಗೊಣಗುತ್ತಿದ್ದಾಗ ಮಿರ್ತಾ ಬಾಯಿ ಹಾಕಿದಳು.

"ಬೇಹಿನವಳು ನಿಮ್ಮ ಎದುರಿಗೇ ಇದಾಳಲ್ಲ ಸಾಹೇಬ್ರೆ. ದಿನಾ ಬೆಳಿಗ್ಗೆ ಮಗಳ ಹೆಸ್ರು ಹೇಳಿ ಆ ಕಡೆ ಹಿಟ್ಟೂ ಎಬ್ಬಿಸ್ತಾಳೆ. ಮೊದ್ಲು ಇವಳನ್ನ ಕಟ್ಟಿ ಹಾಕಿ."

ತೆವ್ಕಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಿರ್ತಾಳೂ ನಕ್ಕಳು. ಹೆರ್ವಾನ್ ಚಮಚ ಕೆಳಗಿಟ್ಟ. ಅವನು ರಾಜಧಾನಿಯಲ್ಲಿ ಅಂಗಡಿಯ ರೊಟ್ಟಿ ತಿಂದು ಬೆಳೆದವನು. ಹೆಸರು ಹೇಳುವ ಪದ್ಧತಿ ಅಜ್ಜಿಯರ ಮಾತು ಎಂದಷ್ಟೇ ತಿಳಿದಿದ್ದ. ಮಗಳು ಎಲ್ಲಿದ್ದಾಳೆ, ಏನು ಕೆಲಸ, ಅವಳಿಗೆ ಹಿಟ್ಟು ಕೊಟ್ಟವರು ಯಾರು ಎಂದು ಒಂದೊಂದಾಗಿ ಕೇಳಿದ. ತೆವ್ಕಾ ಮುಚ್ಚುಮರೆ ಇಲ್ಲದೆ ಹೇಳಿದಳು. ಮುಚ್ಚಿಡಬೇಕಾದದ್ದು ಇದರಲ್ಲಿ ಏನಿದೆ ಎಂದು ಅವಳಿಗೆ ಹೊಳೆಯಲೇ ಇಲ್ಲ. ಮಗಳ ಹೆಸರು ಹೇಳುವುದೆಂದರೆ ಉಸಿರಾಡಿದ ಹಾಗೆ, ಅದರಿಂದ ಕಲ್ಲು ಬೆಳೆಯುತ್ತದೆ, ಅದರಿಂದ ಓಲ್ಫರ್ ಸಾಯುತ್ತಾನೆ ಎಂದು ಯಾವ ತಾಯಿ ಲೆಕ್ಕ ಹಾಕುತ್ತಾಳೆ? ಹೇಳುತ್ತಾ ಹೇಳುತ್ತಾ ಅವನ ಮುಖ ನೋಡಿದಾಗ ಅವಳ ಮಾತು ನಿಂತಿತು. ಮಿರ್ತಾ ಏನೋ ಹೇಳಹೊರಟು ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಹೆರ್ವಾನ್ ಕೂಗಾಡಲಿಲ್ಲ, ಹೆದರಿಸಲೂ ಇಲ್ಲ. ನಾಳೆಯಿಂದ ಆ ಒಂದು ಹೆಸರು ಬಿಡಬೇಕೆಂದು ಮೆಲ್ಲಗೆ ಹೇಳಿದ. ತೆವ್ಕಾ, ಅದು ಸತ್ತವರಿಗೆ ಮಾಡೋದು ಎಂದಳು. ಬಿಟ್ಟರೆ ಅಲ್ಲಿ ಅವಳ ಹಿಟ್ಟು ನೀರೊಡೆಯುತ್ತದೆ, ಅಮ್ಮ ಸತ್ತಳು ಅಂತ ತಿಳಿಯುತ್ತಾಳೆ, ಇಲ್ಲದಿದ್ದರೆ ಅಮ್ಮನ ಪಾಲಿಗೆ ತಾನು ಸತ್ತೆ ಅಂತ ತಿಳಿಯುತ್ತಾಳೆ, ಎರಡರಲ್ಲಿ ಯಾವುದನ್ನು ತಾನು ಅವಳಿಗೆ ಕಳಿಸಬೇಕು ಎಂದು ಕೇಳಿದಳು.

"ನೀವು ಆಗಲ್ಲ ಅಂದ್ರೆ ಉಣಿಸೋದಕ್ಕೆ ಬೇರೆಯವರನ್ನ ಇಡ್ತಾರೆ ಅಮ್ಮ," ಎಂದ. "ಅವರ ಬಾಯಲ್ಲಿ ನಿಮ್ಮ ಮಗಳ ಹೆಸರು ಹೇಗೂ ಬರಲ್ಲ. ನೀವೇ ಬಿಟ್ರೆ, ಆ ಗೋಡೆ ಬೆಳೆಯೋದು ನಿಲ್ಲುತ್ತೆ, ಅವರು ಸಂಧಿಗೆ ಬರ್ತಾರೆ, ದೋಣಿ ಬಿಡ್ತಾರೆ. ನಾನೇ ನಿಮ್ಮನ್ನ ಆಚೆದಡಕ್ಕೆ ಕರ್ಕೊಂಡು ಹೋಗ್ತೀನಿ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಹಾಗೇ ಆಗುತ್ತದೆ ಎಂದು ನಂಬಿದ್ದ.

ಮರುದಿನ ತೆವ್ಕಾ ಎಲ್ಲರ ಹೆಸರು ಗಟ್ಟಿಯಾಗಿ ಹೇಳಿ, ಮಗಳದನ್ನು ಮಾತ್ರ ತುಟಿಯೊಳಗೆ ಹೇಳಿದಳು. ಗೋಡೆ ಕಾಯುವವರು ಬಂದು ಆಚೆ ಗೋಡೆ ಎಂದಿನಂತೆ ಎದ್ದಿದೆ ಎಂದರು. ಅದರ ಮರುದಿನ ಹೆಸರಿನ ಬದಲು, ಸಣ್ಣವಳಿದ್ದಾಗ ಕರೆಯುತ್ತಿದ್ದಂತೆ ಪುಟ್ಟಗುಬ್ಬಿ ಎಂದಳು. ಆವತ್ತು ಆಚೆ ಗೋಡೆ ಯಾವತ್ತಿಗಿಂತ ಹೆಚ್ಚು ಬೆಳೆಯಿತು. ಹೆರ್ವಾನ್ ಬೈಯಲಿಲ್ಲ. ಬಂದು ಅವಳ ಪಕ್ಕದಲ್ಲಿ ಒಂದು ಮಣೆ ಎಳೆದುಕೊಂಡು ಕೂತ, ನಾಳೆ ನಸುಕಿನಿಂದ ಇಲ್ಲೇ ಕೂರುತ್ತೇನೆ ಎಂದ.

ಆ ಸಂಜೆ ಮಿರ್ತಾ ಅವಳ ಮನೆಗೆ ಬಂದಳು. ಬರುವಾಗ ಒಣಗಿಸಿದ ಪ್ಲಮ್ ಹಣ್ಣು ತಂದಿದ್ದಳು, ಜಗಳ ಆದಾಗಲೆಲ್ಲ ತರುವ ಹಾಗೆ.

"ನನ್ನ ನಾಲಿಗೆಗೆ ಬೆಂಕಿ ಹಾಕ," ಎಂದಳು. "ತಮಾಷೆಗೆ ಅಂದೆ ಕಣೇ."

ತೆವ್ಕಾ ಗೊತ್ತು ಎಂದಳು.

"ನಿನ್ನ ಒಂದು ಮಾತು ಕೇಳ್ಬೇಕು, ಕೇಳಕ್ಕೆ ಮುಖ ಇಲ್ಲ ನಂಗೆ. ನಿನ್ನೆ ಯಾನುಶ್ ಪಕ್ಕ ನಿಂತಿದ್ದೋನ ಮೇಲೆ ಗುಂಡು ಬಿತ್ತು. ಪಕ್ಕದಲ್ಲೇ. ಇವನ ಒಂದು ಕೈ ಅದರಲ್ಲಿ ಸಿಕ್ಕಿತ್ತು, ಹೆಂಗೋ ಎಳ್ಕೊಂಡ. ನಾಳೆ ಮತ್ತೆ ಅಲ್ಲೇ ನಿಲ್ಬೇಕು ಅವನು."

"ಅಂದ್ರೆ ನಾನು ಬಿಡ್ಬೇಕು ಅಂತೀಯ."

"ಏನೂ ಅನ್ನಲ್ಲ ನಾನು. ಅವನು ನಾಳೆ ಅಲ್ಲಿ ನಿಂತಿರ್ತಾನೆ ಅಂದೆ ಅಷ್ಟೇ."

ಇಬ್ಬರೂ ಪ್ಲಮ್ ತಿಂದು ಬೀಜಗಳನ್ನು ಒಂದೇ ಬಟ್ಟಲಿಗೆ ಹಾಕುತ್ತಾ ಕೂತರು. ತೆವ್ಕಾ ಯೋಚನೆ ಮಾಡಿ ಮಾಡಿ ಸುಸ್ತಾದಳು. ಹೇಳಿದರೆ ಮಿರ್ತಾಳ ಮಗ. ಬಿಟ್ಟರೆ ತನ್ನ ಮಗಳು. ತಾನು ಕೈ ತೊಳೆದುಕೊಂಡು ಮನೆಯಲ್ಲಿ ಕೂತರೂ ಮಗಳೇ. ಯಾವ ಕಡೆಯಿಂದ ಹಿಡಿದರೂ ಅದು ಬಂದು ನಿಲ್ಲುತ್ತಿದ್ದದ್ದು ಅವಳ ಬಾಯಿಯ ಹತ್ತಿರ. ಕಡೆಗೆ ದೋಣಿ ಬಿಡುತ್ತಾರೆಂಬ ಆ ಹುಡುಗನ ಮಾತನ್ನು ನಂಬುವುದೆಂದು ತೀರ್ಮಾನ ಮಾಡಿದಳು. ನಂಬಿಕೆ ಬಂತೆಂದಲ್ಲ. ಬೇರೆ ಏನೂ ಇರಲಿಲ್ಲ.

ನಸುಕಿನಲ್ಲಿ ಹೆರ್ವಾನ್ ಮಣೆಯ ಮೇಲೆ ಕೂತಿದ್ದ. ಮಿರ್ತಾ ಹಿಟ್ಟು ಸುರಿದಳು. ತೆವ್ಕಾ ಮೊಣಕೈವರೆಗೆ ಕೈ ಇಳಿಸಿ ಹೆಸರು ಹೇಳುತ್ತಾ ಹೋದಳು. ಬೀದಿಯವರದ್ದೆಲ್ಲ ಆಯಿತು. ಮಿರ್ತಾಳದಾಯಿತು, ಯಾನುಶ್‌ನದಾಯಿತು. ಅದಾದ ಮೇಲೆ ಬರಬೇಕಾದದ್ದು ಬರಲಿಲ್ಲ. ಅವಳು ಬಾಯಿ ಮುಚ್ಚಿ ನಾದಿದಳು. ಕೈಯ ಕೆಳಗೆ ಹಿಟ್ಟು ಒಂದು ಕ್ಷಣ ಬಿಗಿಯಾಯಿತು, ಮಲಗಿದ ಮಗು ಸೆಟೆದುಕೊಳ್ಳುವ ಹಾಗೆ. ಆಮೇಲೆ ಸಡಿಲವಾಯಿತು.

ಆಚೆ ಗೋಡೆ ಅಂದು ಬೆಳೆಯಲಿಲ್ಲ. ಅವರ ಗುಂಡುಗಳು ಬಿದ್ದಲ್ಲಿ ಬರೀ ಮಣ್ಣಿನ ಹೆಂಟೆಯ ಹಾಗೆ ಬಿದ್ದುಕೊಂಡವು, ಮಕ್ಕಳು ಅವನ್ನು ಒದ್ದು ಆಡಿದರು. ಊರಿನಲ್ಲಿ ಡೋಲು ಬಾರಿಸಿದರು. ತೆವ್ಕಾ ಒಲೆ ಬಿಟ್ಟು ಅಲ್ಲಾಡಲಿಲ್ಲ. ಮಧ್ಯಾಹ್ನ ಕೊಪ್ಪರಿಗೆಯ ಬಟ್ಟೆ ಮೇಲೆದ್ದಿತು. ಮಗಳು ಹೆಸರು ಹೇಳಿದ್ದಾಳೆ. ತನ್ನ ಹಿಟ್ಟು ಬೂದಿಬಣ್ಣಕ್ಕೆ ತಿರುಗಿದ್ದನ್ನು ನೋಡಿಯೂ, ಅದಕ್ಕೇ ಕೈ ಹಾಕಿ, ಅಮ್ಮ ಎಂದಿದ್ದಾಳೆ. ಸತ್ತವಳೆಂದು ತಿಳಿದಿದ್ದರೆ ಹೇಳುತ್ತಿರಲಿಲ್ಲ. ಅಮ್ಮನೇ ಬಿಟ್ಟಳೆಂದು ಗೊತ್ತಾಗಿಯೂ ಹೇಳಿದ್ದಾಳೆ. ತೆವ್ಕಾ ಒದ್ದೆ ಬಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು, ಅದು ಇಳಿಯುವವರೆಗೆ ನಿಂತಳು.

ಸಂಧಿಗೆ ಯಾರೂ ಬರಲಿಲ್ಲ. ನಮ್ಮ ಕಡೆಯ ದೊಡ್ಡವರು, ಆಚೆದಡದವರು ಸೋಲುತ್ತಿರುವಾಗ ಸಂಧಿ ಯಾಕೆ ಎಂದರು. ಕವಣೆಮರಗಳು ದಿನವಿಡೀ ಕಿರುಗುಟ್ಟಿದವು. ಎಸೆಯುವ ಗುಂಡುಗಳೆಲ್ಲ ತೆವ್ಕಾಳ ಕೊಪ್ಪರಿಗೆಯವೇ, ಅವಳೇ ಉಣಿಸಿದವು. ಹೆರ್ವಾನ್ ರಾಜಧಾನಿಗೆ ಆಳು ಕಳಿಸಿ ಏನೋ ಬೇಡಿಕೊಂಡನಂತೆ, ಬಂದ ಉತ್ತರ ಓದಿ ಎರಡು ದಿನ ಒಲೆಯ ಕಡೆ ಸುಳಿಯಲಿಲ್ಲ. ತೆವ್ಕಾ ಹಿಟ್ಟು ಸೊರಗಲೆಂದು ಅದಕ್ಕೆ ಉಪ್ಪು ಹೆಚ್ಚು ಹಾಕಿ ನೋಡಿದಳು, ತಣ್ಣೀರು ಹಾಕಿ ನೋಡಿದಳು. ಹಿಟ್ಟು ಅಷ್ಟು ದೊಡ್ಡದಾಗಿತ್ತು, ಅದಕ್ಕೆ ಇವಳ ಚಿಕ್ಕಪುಟ್ಟ ದ್ರೋಹ ತಟ್ಟಲೇ ಇಲ್ಲ. ಮಧ್ಯಾಹ್ನದ ಉಬ್ಬು ದಿನದಿಂದ ದಿನಕ್ಕೆ ಚಿಕ್ಕದಾಯಿತು. ಮೊದಲು ಬಟ್ಟೆ ಏಳುತ್ತಿತ್ತು, ಆಮೇಲೆ ಬರೀ ಸುಕ್ಕು ಬಿಡುತ್ತಿತ್ತು, ಆಮೇಲೆ ಒಂದೆರಡು ಗುಳ್ಳೆ. ಒಂದು ದಿನ ಗುಳ್ಳೆಯೂ ಬರಲಿಲ್ಲ. ಅವಳು ಕತ್ತಲಾಗುವವರೆಗೆ ಬಟ್ಟೆ ಎತ್ತಿ ಎತ್ತಿ ನೋಡಿದಳು. ಮಿರ್ತಾ ಬಂದು ಅವಳ ಕೈಯಿಂದ ಬಟ್ಟೆ ಬಿಡಿಸಿದಳು.

ಆಚೆ ಗೋಡೆ ತಾನಾಗಿ ಕುಸಿಯಿತು. ನಮ್ಮ ದಂಡು ಹೊಳೆ ದಾಟಿತು. ಯಾನುಶ್ ಕೂಡ ಹೋಗಿದ್ದ. ಮಿರ್ತಾ ಹೇಳಿದ್ದರಿಂದ ಸೊಲೀಚಿನ ಊರೊಲೆಯ ಬೀದಿಯನ್ನು ಹುಡುಕಿಕೊಂಡು ಹೋಗಿ ಬಂದ. ತೆವ್ಕಾ ಅವನನ್ನು ಕೂರಿಸಿ, ಬಿಸಿ ರೊಟ್ಟಿ ಮುರಿದು ಮುಂದಿಟ್ಟು, ತಿಂದು ಹೇಳು ಎಂದಳು. ಅವನು ತಿನ್ನಲಿಲ್ಲ. ಆ ಬೀದಿ ಎಂದು ಹೇಳುವುದಕ್ಕೆ ಅಲ್ಲಿ ಏನೂ ಇಲ್ಲ, ಎಲ್ಲ ಮನೆ ತುಂಬಿ, ಒಡೆದು, ಒಂದಕ್ಕೊಂದು ಅಂಟಿಕೊಂಡಿವೆ, ಒಳಗೆ ಯಾರಿದ್ದರೋ ನೋಡಲು ಆಗುವುದಿಲ್ಲ ಎಂದ. ಕೆಲವರು ಮೊದಲೇ ಬೆಟ್ಟಕ್ಕೆ ಓಡಿದರಂತೆ. ಬಲೆ ಹೆಣೆಯುವವನೊಬ್ಬ ಬಸುರಿ ಹೆಂಡತಿಯನ್ನು ಕತ್ತೆಯ ಮೇಲೆ ಕೂರಿಸಿಕೊಂಡು ಹೋದದ್ದನ್ನು ಒಬ್ಬ ಮುದುಕ ನೋಡಿದ್ದನಂತೆ.

"ದೋಬ್ರೆನ್ನೇನೋ ಅದು," ಎಂದಳು ತೆವ್ಕಾ.

"ಗೊತ್ತಿಲ್ಲ ಚಿಕ್ಕಮ್ಮ. ಆ ಊರಲ್ಲಿ ಬಲೆ ಹೆಣೆಯೋರು ತುಂಬ ಜನ."

"ಬಸುರಿ ಅಂದ್ಯ."

"ಮುದುಕ ಹಂಗಂದ."

ಮಗಳು ಬಸುರಿಯೋ ಅಲ್ಲವೋ ತೆವ್ಕಾಳಿಗೆ ತಿಳಿದಿರಲಿಲ್ಲ. ಗೋಡೆ ಎದ್ದ ಮೇಲೆ ತಿಳಿಯುವ ದಾರಿ ಇರಲಿಲ್ಲ.

ಬೆಟ್ಟದ ದಾರಿಗಳನ್ನು ದಂಡಿನವರು ಮುಚ್ಚಿದರು. ಅವಳು ಹೆರ್ವಾನನ ಹತ್ತಿರ ಹೋಗಿ, ಕರೆದುಕೊಂಡು ಹೋಗುತ್ತೇನೆ ಅಂದಿದ್ದೆಯಲ್ಲ ತಮ್ಮ ಎಂದಳು. ಅವನು ತಲೆ ತಗ್ಗಿಸಿದ. ಅವನನ್ನು ಬೇರೆ ಹೊಳೆಗೆ, ಬೇರೆ ಗೋಡೆಗೆ ಹಾಕಿದ್ದರು, ಮರುದಿನವೇ ಹೊರಡಬೇಕಿತ್ತು. ಹೊರಡುವ ಬೆಳಿಗ್ಗೆ ಬೂಟು ಒರೆಸಿಕೊಂಡು ಒಳಗೆ ಬಂದು, ಇನ್ನು ನಿಮ್ಮನ್ನು ಯಾರೂ ತಡೆಯುವುದಿಲ್ಲ, ಯಾರ ಹೆಸರನ್ನು ಬೇಕಾದರೂ ಹೇಳಬಹುದು ಎಂದ. ಏನೋ ದೊಡ್ಡದನ್ನು ಕೊಟ್ಟು ಹೋಗುವವನ ಹಾಗೆ ಸ್ವಲ್ಪ ಹೊತ್ತು ನಿಂತಿದ್ದ. ತೆವ್ಕಾ ಅವನ ದಾರಿಗೆಂದು ಎರಡು ರೊಟ್ಟಿ ಕಟ್ಟಿಕೊಟ್ಟಳು. ತಳ ಸೀದಿತ್ತು.

ಈಗ ಕೊಪ್ಪರಿಗೆಗಳು ಹೋಗಿವೆ, ಹಳೆಯ ಮರಿಗೆ ಬಂದಿದೆ. ನಮ್ಮ ಗೋಡೆ ಹಾಗೇ ನಿಂತಿದೆ, ಒಡೆಯಲು ಯಾರಿಗೂ ಆಗುವುದಿಲ್ಲ. ಊರಿಗೆ ಮಧ್ಯಾಹ್ನಕ್ಕೆ ಬೆಳಗಾಗುತ್ತದೆ. ತೆವ್ಕಾ ನಸುಕಿನಲ್ಲೇ ಬಂದು ತೋಳು ಮೇಲೇರಿಸುತ್ತಾಳೆ. ಮಗಳು ಬೆಟ್ಟದಲ್ಲಿ ಎಲ್ಲೋ ಇದ್ದು, ರವಿಕೆಯೊಳಗೆ ಆ ಹಿಟ್ಟಿನ ಒಂದು ಒಣಗಿದ ತುಣುಕಾದರೂ ಉಳಿದಿದ್ದರೆ, ಇಲ್ಲಿ ಹೆಸರು ಹೇಳಿದರೆ ಅದಕ್ಕೆ ಜೀವ ಬಂದೀತು. ಅವಳು ಆ ಅಂಟಿಕೊಂಡ ಮನೆಗಳೊಳಗೆ ಇದ್ದರೆ, ಹೆಸರು ಹೇಳಿದ ಗಳಿಗೆಗೆ ಊರಿನ ಹಿಟ್ಟೆಲ್ಲ ಕೊಳೆಯುತ್ತದೆ. ಊರಿನಲ್ಲಿ ಬೇರೆ ತಾಯಿಹಿಟ್ಟು ಉಳಿದಿಲ್ಲ, ಎಲ್ಲವನ್ನೂ ಗೋಡೆ ತಿಂದಿದೆ. ಆದರೆ ಅವಳು ಹೆದರುವುದು ಊರಿನ ರೊಟ್ಟಿಗಲ್ಲ. ಹೇಳಿ, ಕೈಯ ಕೆಳಗೆ ಅದು ಕೊಳೆತರೆ, ಆಗ ಗೊತ್ತಾಗಿಬಿಡುತ್ತದಲ್ಲ.

ಮಿರ್ತಾ ಹಿಟ್ಟು ಸುರಿಯುತ್ತಾಳೆ, ತೆವ್ಕಾ ಹೆಸರು ಹೇಳುತ್ತಾಳೆ. ಬೀದಿಯವರು, ಮಿರ್ತಾ, ಯಾನುಶ್. ಅಲ್ಲಿಗೆ ಬಂದಾಗ ಅವಳ ಬಾಯಿ ತೆರೆದುಕೊಳ್ಳುತ್ತದೆ. ಮಿರ್ತಾ ಹಿಟ್ಟು ಸುರಿಯುವುದನ್ನು ನಿಲ್ಲಿಸಿ, ಅವಳ ಮುಖ ನೋಡದೆ, ಕಾಯುತ್ತಾಳೆ. ಹೊರಗೆ ಜನ ರೊಟ್ಟಿಗೆ ಬಂದು ನಿಂತಿರುತ್ತಾರೆ, ಅವರೂ ಮಾತು ನಿಲ್ಲಿಸುತ್ತಾರೆ. ಆಮೇಲೆ ತೆವ್ಕಾ ಬಾಯಿ ಮುಚ್ಚಿ, ನಾದಲು ಶುರು ಮಾಡುತ್ತಾಳೆ.